ಬಿಸಿ ಕಪಾಟಿನ ಬಾಟಲಿಗಳು

ಓಮರೂ ಊರಿನ ನೋಲಾ ಮದುವೆಯಾದಂದಿನಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದಳು. ಆದರೆ ಒಂದು ದಿನವೂ ಅದನ್ನು ನಾಲಿಗೆಗೆ ಮುಟ್ಟಿಸಿಕೊಂಡವಳಲ್ಲ. ಬಿಯರ್ ಗಂಡಸರ ಬಾಯಿಗೆ, ಹೆಂಗಸರಿಗೆ ಚಹಾ. ಅವಳಮ್ಮನ ಕಾಲದಿಂದ ಹಾಗೇ. ಕುದಿಸುವುದು, ಸೋಸುವುದು, ಬಾಟಲಿಗೊಂದು ಚಮಚ ಸಕ್ಕರೆ ಹಾಕಿ ತಗಡಿನ ಮುಚ್ಚಳ ಒತ್ತುವುದು, ಎಲ್ಲ ಅವಳ ಕೈಯದೇ. ಆ ಸಕ್ಕರೆಯನ್ನು ಹುದುಗು ತಿಂದರೆ ಒಳಗೆ ಗಾಳಿ ಕಟ್ಟಿ, ಬಿಚ್ಚಿದಾಗ ನೊರೆ ಉಕ್ಕುತ್ತದೆ.

ಗಂಡ ಕ್ಲಾರಿಗೆ ಉಳಿದಿದ್ದದ್ದು ಒಂದೇ ಕಣ್ಣು. ಇನ್ನೊಂದು ಉಣ್ಣೆ ಗೋದಾಮಿನಲ್ಲಿ ತಂತಿ ಸಿಡಿದು ಹೋಗಿತ್ತು. ಆ ವರ್ಷ ಅವನು ವಯಸ್ಸಾಗಿ ಕೆಲಸ ಬಿಡುವವನಿದ್ದ. ಜೊತೆಗಾರರಿಗೆ ಕುಡಿಸಲೆಂದು ನೋಲಾ ಮೂವತ್ತು ಬಾಟಲಿ ತುಂಬಿಸಿ ಹಿತ್ತಿಲ ಶೆಡ್ಡಿನಲ್ಲಿಟ್ಟಳು. ಜುಲೈ ತಿಂಗಳು, ಭೂಮಿಯ ಆ ದಕ್ಷಿಣ ತುದಿಯಲ್ಲಿ ಕೊರೆಯುವ ಚಳಿಗಾಲ. ಮೂರು ವಾರ ಬಿಟ್ಟು ಒಂದನ್ನು ಬಿಚ್ಚಿದರೆ ಸದ್ದಿಲ್ಲ, ನೊರೆಯಿಲ್ಲ, ಮಳೆನೀರಿನ ಹಾಗೆ ಸಪ್ಪಗೆ ಕೂತಿದೆ. ರುಚಿ ನೋಡದೆ ಮೋರಿಗೆ ಸುರಿದಳು.

"ಸಕ್ಕರೆ ಹಾಕೋದೇ ಮರೆತಿದೀಯ ಮುದುಕಿ," ಕ್ಲಾರಿ ನಕ್ಕ. "ಇನ್ನೊಂದೊಂದು ಚಮಚ ಹಾಕು. ಬಿಸಿ ಕಪಾಟಲ್ಲಿಡು, ಬೇಗ ಆಗುತ್ತೆ."

ಬಿಸಿ ಕಪಾಟು ಅಂದರೆ ನೀರು ಕಾಯುವ ಹಂಡೆಯ ಸುತ್ತ ಬಟ್ಟೆ ಒಣಗಿಸುವ ಜಾಗ. ಮರೆತಿದ್ದರೂ ಮರೆತಿರಬಹುದು ಅಂದುಕೊಂಡು ನೋಲಾ ಎಲ್ಲ ಬಾಟಲಿ ಬಿಚ್ಚಿ, ಸಕ್ಕರೆ ಹಾಕಿ, ಮತ್ತೆ ಮುಚ್ಚಿ ಅಲ್ಲಿ ಜೋಡಿಸಿಟ್ಟಳು.

ಐದನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಕಪಾಟಿನೊಳಗೆ ಬಂದೂಕು ಹಾರಿದಂತೆ ಸದ್ದಾಯಿತು. ಗಾಜು ಝಲ್ಲೆಂದು ಸುರಿಯಿತು. ಬಾಗಿಲ ಸಂದಿಯಿಂದ ಬಿಯರ್ ಹರಿದು ಬಂತು. ನೋಲಾ ಬಗ್ಗಿ, ಜೀವಮಾನದಲ್ಲಿ ಮೊದಲ ಸಲ, ಬೆರಳದ್ದಿ ನೆಕ್ಕಿದಳು. ಬೆಲ್ಲದ ಪಾಕ! ಅವಳು ಸಕ್ಕರೆ ಮರೆತಿರಲಿಲ್ಲ. ಚಳಿಗೆ ಹುದುಗು ಮಲಗಿತ್ತು, ಅಷ್ಟೇ. ಈಗ ಎರಡು ಪಾಲು ಸಕ್ಕರೆ, ಮೇಲೆ ಹಂಡೆಯ ಬಿಸಿ.

ಕ್ಲಾರಿ ಆಗಲೇ ಕಪಾಟಿನ ಹಿಡಿಗೆ ಕೈ ಹಾಕಿದ್ದ.

"ಮುಟ್ಟಬೇಡ!" ಕಿರುಚಿದಳು. "ಇರೋದೊಂದು ಕಣ್ಣು!"

"ನಿನಗೆ ಎರಡಿದೆ ಅಂತ ಒಂದು ಕಳ್ಕೊಳ್ತೀಯಾ?"

"ಹೂಂ, ಆಗ ಇಬ್ಬರಿಗೂ ಒಂದೊಂದು, ಲೆಕ್ಕ ಸರಿಯಾಗುತ್ತೆ. ನೀನು ಆಚೆ ಹೋಗು."

ಹಂಡೆ ಕಾಯಿಸುವ ಒಲೆ ಆರಿಸಿದಳು, ಕಿಟಕಿಗಳನ್ನೆಲ್ಲ ತೆರೆದಳು. ಕಪಾಟು ತಣ್ಣಗಾಗುವವರೆಗೆ ಇಬ್ಬರೂ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತರು. ಮಧ್ಯಾಹ್ನ ಇನ್ನೊಂದು ಸಿಡಿಯಿತು. ಕ್ಲಾರಿ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ನೋಡಿ ನೋಲಾ ಅವನನ್ನು ಬಾಗಿಲಾಚೆ ತಳ್ಳಿದಳು.

ಸಂಜೆಯ ಹೊತ್ತಿಗೆ ದಪ್ಪ ಕೋಟು ತೊಟ್ಟು, ಒದ್ದೆ ಕಂಬಳಿ ಎದುರು ಹಿಡಿದು, ಉಸಿರು ಬಿಗಿಹಿಡಿದು ಕಪಾಟು ತೆರೆದಳು. ಉಳಿದದ್ದು ಇಪ್ಪತ್ತೇಳು. ಹಸುಗೂಸು ಎತ್ತಿಕೊಂಡ ಹಾಗೆ ಒಂದೊಂದನ್ನೇ ಸುತ್ತಿ ಅಂಗಳದ ತಣ್ಣೀರ ತೊಟ್ಟಿಗೆ ಇಳಿಸಿದಳು. ಅವು ಚೆನ್ನಾಗಿ ತಣಿದ ಮೇಲೆ ಕಂಬಳಿಯಡಿಯಲ್ಲೇ ಒಂದೊಂದರ ಮುಚ್ಚಳದ ಅಂಚನ್ನು ಕೂದಲೆಳೆಯಷ್ಟು ಎತ್ತಿದಳು. ಬುಸ್ಸೆಂದು ಗಾಳಿ ಹೋಯಿತು. ಮತ್ತೆ ಒತ್ತಿದಳು.

"ಎಷ್ಟಾಯ್ತೇ?" ಬಾಗಿಲ ಹಿಂದಿನಿಂದ ಕ್ಲಾರಿ.

"ಮಾತಾಡಿಸಬೇಡ!"

ಇಪ್ಪತ್ತಾರು ಮುಗಿದವು. ಕೊನೆಯದಕ್ಕೆ ಕೈ ಸಾಗಲೇ ಇಲ್ಲ. ಬೆರಳು ಮರಗಟ್ಟಿದ್ದವು, ಬಾಟಲಿ ಹಿಡಿತದಿಂದ ಜಾರುತ್ತಿತ್ತು. ಆಗ ಕ್ಲಾರಿ ಅವಳ ಕಡೆ ಬೆನ್ನು ಮಾಡಿ, ಹಿಂಹಿಂದೆ ಹೆಜ್ಜೆಯಿಡುತ್ತ ಬಂದ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಮುಖ ಅತ್ತ ತಿರುಗಿಸಿಯೇ ಕೈ ಹಿಂದೆ ಚಾಚಿ, ತಡಕಾಡಿ, ಕಂಬಳಿಯ ಮೇಲಿಂದ ಬಾಟಲಿಯನ್ನು ಅಮುಕಿ ಹಿಡಿದ.

"ಹೋಗು ಅಂದ್ನಲ್ಲ!"

"ಬೈಗುಳ ಆಮೇಲೆ. ಬಿಚ್ಚು."

ಅವಳು ಮುಚ್ಚಳ ಎತ್ತಿದಳು. ಬುಸ್ಸೆಂದಿತು, ತುಸು ಹೊತ್ತಿಗೆ ಸದ್ದಡಗಿತು.

"ಆಯ್ತು ಕ್ಲಾರಿ. ಕಣ್ಣು ಬಿಡು."

ಅವನು ಅವಳ ಕಡೆ ತಿರುಗಿ ನಿಧಾನವಾಗಿ ಬಿಟ್ಟ.

"ಕಾಣ್ತೀಯ," ಅಂದ.