ಹೆಣ್ಣಿನ ಕಡೆಯವರು ನೋಡಿದ ಪುಸ್ತಕಗಳು

ಮೊನ್ನೆ ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲಿ ನಿಂತು, ಹೆಪ್ಪಿಗೆ ಮಜ್ಜಿಗೆ ಕೇಳುವಷ್ಟೇ ಸಲೀಸಾಗಿ, "ಅಕ್ಕ, ನಿಮ್ ಪುಸ್ತುಕ್ವಾ ಎಲ್ಡ್ ದಿನ ಕೊಡಿ. ನಮ್ ಒಸಾ ಶೋಕೇಸು ಬಣಗುಡ್ತಾ ಅದೆ" ಎಂದಳು. ಭಾನುವಾರ ಅವಳ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುವವರಿದ್ದರು. ಹುಡುಗಿ ಓದಿದವಳಂತೆ, ಅವಳೂ ಬರುತ್ತಾಳಂತೆ. ನನಗೆ ಮೈಯೆಲ್ಲ ಉರಿಯಿತು. ಯಾಕೆಂದು ಹೇಳಬೇಕಾದರೆ ನನ್ನ ಮದುವೆಯ ಮಾನ ಕಳೆಯಬೇಕು, ಕಳೆಯುತ್ತೇನೆ.

ಚೆಂದದ ಪುಸ್ತಕದ ಕಪಾಟು ಕಂಡರೆ ನನ್ನ ಬುದ್ಧಿ ಕೆಡುತ್ತದೆ. ಮೊಬೈಲಿನಲ್ಲಿ ದೇಶವಿದೇಶದ ಗ್ರಂಥಾಲಯಗಳ ಚಿತ್ರ ನೋಡುತ್ತಾ ಸಾರು ಸೀಯಿಸಿದವಳು ನಾನು. ಕೆತ್ತನೆಯ ಕಂಬಗಳೇನು, ಕಪಾಟಿಗೆ ಆನಿಸಿದ ಏಣಿಗಳೇನು! ನಮ್ಮ ಯಜಮಾನರು ಇಣುಕಿ, "ಆ ಏಣಿ ನಮ್ತಾವ್ ಇದ್ದಿದ್ರೆ ಅಟ್ಟದ್ ಮೇಲಿನ್ ಉಳ್ಳಿಕಾಳ್ ಇಳುಸ್ಬೋದಿತ್ತು" ಎನ್ನುತ್ತಾರೆ. ಇಂಥವರನ್ನು ಒಪ್ಪಿದ್ದಾದರೂ ಹೇಗೆ ಅಂತೀರಾ? ಕೇಳಿ.

ನನ್ನ ತವರು ಕಿರುಗಾವಲಿನಿಂದ ಅಪ್ಪ, ಅಮ್ಮ ಈ ಚಿಕ್ಕರಸಿನಕೆರೆಗೆ ಗಂಡಿನ ಮನೆ ನೋಡಲು ಹೊರಟಾಗ ಹಟ ಹಿಡಿದು ನಾನೂ ಬಸ್ಸು ಹತ್ತಿದ್ದೆ. ಅಪ್ಪ ಗದ್ದೆ ನೋಡಿದರು, ಅಮ್ಮ ಅಡುಗೆಮನೆ ನೋಡಿದಳು, ನಾನು ನಡುಮನೆಯ ಗಾಜಿನ ಬೀರು ನೋಡಿದೆ. ತುಂಬ ಪುಸ್ತಕ. ನಡುವೆ ಕೆಂಪು ರಟ್ಟಿನ, ಚಿನ್ನದ ಬಣ್ಣದ ಅಕ್ಷರಗಳ ದಪ್ಪನೆಯದೊಂದು. ಹುಡುಗನ ಮುಖ ಸರಿಯಾಗಿ ನೋಡಿದೆನೋ ಇಲ್ಲವೋ, ಇವತ್ತಿಗೂ ಅನುಮಾನ. ವಾಪಸು ಹೋಗುವಾಗ ಬಸ್ಸಿನಲ್ಲೇ ಒಪ್ಪಿಗೆ ಅಂದುಬಿಟ್ಟೆ.

ಮದುವೆಯಾಗಿ ಬಂದು ನೋಡಿದರೆ ಬೀರಿನಲ್ಲಿ ಕಂಬಳಿ, ಹಿತ್ತಾಳೆ ಚೊಂಬು. ಪುಸ್ತಕಗಳೆಲ್ಲ ಎದುರುಮನೆಯ ನಿವೃತ್ತ ಮೇಷ್ಟರವು! ನಾನು ಕಣ್ಣೀರು ಹಾಕಿದರೆ ಅತ್ತೆ ಸೊಪ್ಪು ಬಿಡಿಸುತ್ತಲೇ, "ಅವತ್ತು ನೀವ್ ಕುಂತಿದ್ ಕುರ್ಚಿನೂ ಅವ್ರ್ ಮನೇದೇ ಕಣಮ್ಮ. ಅದುಕ್ಯಾಕ್ ಅಳ್ನಿಲ್ಲ?" ಎಂದರು. ಯಜಮಾನರು, "ಬೀರು ನಮ್ದೇ ಕಣೆ" ಎಂದು ಸಮಾಧಾನ ಹೇಳಿದರು.

ಆ ಮೋಸ ವರ್ಷಗಟ್ಟಲೆ ನೋಯಿಸಿತು. ಆದರೂ ಮಧ್ಯಾಹ್ನಗಳಲ್ಲಿ ಎದುರುಮನೆಗೆ ಹೋಗಿ ಓದತೊಡಗಿದೆ. ಮೊದಲು ಕೈಹಾಕಿದ್ದೇ ಕೆಂಪು ಪುಸ್ತಕಕ್ಕೆ. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಅದ್ನ ನಾನೂ ಓದಿಲ್ಲ ಕಣವ್ವ, ಬೀರ್ಗೆ ಲಕ್ಸಣ ಅಂತ ತಂದಿದ್ದು" ಎಂದು ಮೇಷ್ಟರು ನಕ್ಕರು. ಕಣ್ಣು ಮಂಜಾದ ಮೇಲೆ ಅವರೇ ಎಲ್ಲವನ್ನೂ ನಮ್ಮ ಬೀರಿಗೆ ಸಾಗಿಸಿದರು.

ಇಂಥ ಪುಸ್ತಕಗಳನ್ನು ಇನ್ನೊಬ್ಬ ಹುಡುಗಿಯ ಕಣ್ಣಿಗೆ ಮಣ್ಣೆರಚಲು ಕೊಡುವುದೇ? ಆಗುವುದಿಲ್ಲ ಎಂದೆ. ಜಯಮ್ಮನ ಮುಖ ಬಾಡಿತು. "ಎಲ್ಡ್ ಸಂಬಂದ ತಪ್ಪೋಯ್ತು ಕಣಕ್ಕ" ಎಂದಳು. ಬೀರು ತೆರೆದು ಕೊಟ್ಟೆ. ಆದರೆ ಕೆಂಪು ಪುಸ್ತಕದೊಳಗೆ ಒಂದು ಚೀಟಿ ಇಟ್ಟೆ: 'ಇವು ಪಕ್ಕದ ಮನೆಯ ಪುಸ್ತಕಗಳು. ಹುಡುಗ ಒಳ್ಳೆಯವನೇ, ಓದುವವನಲ್ಲ. ಯೋಚಿಸಿ ಒಪ್ಪಿಕೋ ತಾಯಿ.' ಗಾಜಿನಾಚೆಯಿಂದಲೇ ನೋಡಿ ಹೋಗುವವಳಿಗೆ ಈ ಸತ್ಯದಿಂದ ಆಗಬೇಕಾದ್ದೇನೂ ಇಲ್ಲ. ತೆರೆದು ನೋಡುವವಳಿಗೆ ಗೊತ್ತಾಗಲೇಬೇಕು.

ಸೋಮವಾರ ಪುಸ್ತಕಗಳು ಬಂದವು, ಕೆಂಪನೆಯದೊಂದು ಬಿಟ್ಟು.

"ಓದ್ಬುಟ್ ಕೊಡ್ತೀನಿ ಅಂತ ಉಡ್ಗಿ ತಕೊಂಡೋದ್ಲು ಕಣಕ್ಕ. ನಮ್ದಲ್ಲ ಅಂತ ಎಂಗ್ ಏಳ್ಲಿ?"

"ಒಪ್ಪಿದ್ಲಾ?"

"ಪುಸ್ತುಕ ಮುಗುಸ್ಬುಟ್ಟು ಏಳ್ತೀನಿ ಅಂದವ್ಳೆ."

ಕೊಟ್ಟ ಪುಸ್ತಕ ಬಾರದಿದ್ದರೆ ಜಗಳಕ್ಕೆ ನಿಲ್ಲುವವಳು ನಾನು. ಈ ಸಲ, "ನಿಧಾನಕ್ಕೆ ಓದ್ಲಿ ಬುಡು" ಎಂದೆ. ಒಪ್ಪಲಿ, ಬಿಡಲಿ, ಪುಸ್ತಕ ಹಿಂದಿರುಗಿಸಲು ಅವಳು ಯಾರ ಮನೆಗೆ ಬರಬೇಕೆಂದು ಚೀಟಿಯಲ್ಲೇ ಇದೆ. ಬೀರಿನ ನಡುವೆ ಅದರ ಜಾಗ ಖಾಲಿ ಬಿಟ್ಟಿದ್ದೇನೆ. ಯಜಮಾನರು ಅಲ್ಲಿ ಚೊಂಬು ಇಡಲು ಬಂದರು. ಕೈ ಮೇಲೊಂದು ಕೊಟ್ಟೆ.