ಹಗಲು ಉರಿದ ದೀಪ

ನಮ್ಮ ಮನೆಯಲ್ಲಿ ಪುಸ್ತಕ ಓದುವವನಿಗೆ ಒಂದು ವಿಶೇಷ ಪ್ರತಿಭೆ ಬೇಕು: ವಾಕ್ಯದ ನಡುವೆಯೇ ತಲೆಯ ಮೇಲಿನ ದೀಪ ಹೋಗಿಬಿಟ್ಟರೆ ಉಳಿದರ್ಧವನ್ನು ಸ್ವಂತ ಬುದ್ಧಿಯಿಂದ ಪೂರ್ಣಗೊಳಿಸಿಕೊಳ್ಳುವುದು. ನಾನು ಪುಸ್ತಕ ವಿಮರ್ಶೆ ಮಾಡಲು ಕಲಿತದ್ದೇ ಹೀಗೆ ಎಂದು ಗೆಳೆಯರು ಹಂಗಿಸುವುದುಂಟು. ಇದು ಕರೆಂಟಿನವರ ಕೃಪೆಯಲ್ಲ, ನನ್ನ ಅವ್ವನ ಕೈಚಳಕ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಯಾವ ಗೋಡೆಯಲ್ಲಿ ಯಾವ ಸ್ವಿಚ್ಚಿದೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಕೋಣೆಯಲ್ಲಿ ಮಗ ಕುಳಿತಿದ್ದಾನೆಂಬುದು ಅವಳಿಗೆ ಗೌಣ. ಕಿಟಕಿಯಲ್ಲಿ ಚೂರಾದರೂ ಬೆಳಕು ಉಳಿದಿದೆಯೇ ಎಂಬುದಷ್ಟೇ ಮುಖ್ಯ. “ಸೂರ್ಯಪ್ಪ ಇನ್ನಾ ಮ್ಯಾಲೇ ಅದಾನ. ಅವನಿಗೆ ದಾರಿ ತೋರ್ಸಾಕ ಲೈಟ್ ಹಚ್ಚೀಯೇನಲೇ ಕೊಟ್ರೇಶ?” ಎನ್ನುತ್ತ ದೀಪವನ್ನು ಶಾಂತ ಮಾಡಿ ಹೋಗುತ್ತಾಳೆ. ‘ಆರಿಸು’ ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ದೇವರ ಮುಂದಿನ ಹಣತೆಯಾಗಲಿ ಬಚ್ಚಲ ಬಲ್ಬಾಗಲಿ, ದೀಪವನ್ನು ಶಾಂತ ಮಾಡಬೇಕು. ಸಂಜೆ ಸ್ವಿಚ್ ಒತ್ತಿದ ಮೇಲೆ ಟ್ಯೂಬ್‌ಲೈಟಿಗೂ ಕೈಮುಗಿಯುತ್ತಾಳೆ.

ಅವ್ವ ಬಾಳಿದ್ದು ಕೋಗಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. ಮೊಳ ದಪ್ಪದ ಗೋಡೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಅಲ್ಲಿ ಬೇಸಿಗೆ ಹೊಸ್ತಿಲಾಚೆಯೇ ನಿಂತುಬಿಡುತ್ತಿತ್ತು. ನಾನು ಅಭಿಮಾನದಿಂದ ಕಟ್ಟಿಸಿದ ಆರ್‌ಸಿಸಿ ಮನೆಗೆ ಬಂದ ಮೊದಲ ಚೈತ್ರದಲ್ಲೇ ಸೂರು ನೋಡಿ, “ಇದು ಮನಿ ಅಲ್ಲಪ್ಪ, ರೊಟ್ಟಿ ಹಂಚು” ಎಂದಳು. ಅಂದಿನಿಂದ ಋತುಗಳ ಆಡಳಿತವೆಲ್ಲ ಅವಳ ಕೈಗೆ ಹೋಯಿತು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ ಒದ್ದೆ ಗೋಣಿತಾಟು ಇಳಿಬಿಡಬೇಕು. ಮಹಡಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಚಹಾದ ಹದಕ್ಕೆ ಬರುವುದರಿಂದ ಬಕೆಟ್ಟುಗಳನ್ನು ಬೆಳಿಗ್ಗೆಯೇ ತುಂಬಿಡಬೇಕು. ಆಷಾಢದ ಗಾಳಿ ಬಿಟ್ಟಿತೆಂದರೆ ಫ್ಯಾನುಗಳಿಗೆ ರಜೆ. ಮುಂದಿನ ಹಿಂದಿನ ಬಾಗಿಲು ತೆರೆದರೆ ಸಾಕು, ತಂಪೂ ಒಳಗೆ ಬರುತ್ತದೆ, ನನ್ನ ಬರಹದ ಹಾಳೆಗಳೂ ಪಕ್ಕದ ಮನೆಯವರ ಅಂಗಳ ಸೇರುತ್ತವೆ. ಚಳಿಗಾಲದಲ್ಲಿ ಗೀಸರ್ ಇದ್ದೂ ಇಲ್ಲದಂತೆ. ಹಿತ್ತಾಳೆ ಕೊಡಗಳು ಬಿಸಿಲಿಗೆ ಕೂರುತ್ತವೆ. ಭಾನುವಾರ ನೀರು ಕಾಯುವುದನ್ನು ನಾವು ಕಾಯುತ್ತೇವೆ. ಅನ್ನ ಮುಕ್ಕಾಲು ಬೆಂದೊಡನೆ ಗ್ಯಾಸು ಬಂದ್, ಉಳಿದ ಕಾಲು ಭಾಗ ಮುಚ್ಚಳದ ಹೊಣೆ. ಇನ್ನು ಫ್ರಿಜ್ಜಿನ ಬಾಗಿಲು ತೆರೆದು, ಏನು ಬೇಕೆಂದು ಮರೆತು, ಗರ್ಭಗುಡಿಯ ಮುಂದೆ ನಿಂತ ಭಕ್ತನಂತೆ ಧ್ಯಾನಿಸುವುದು ನನ್ನ ಚಾಳಿ. “ದರ್ಶನ ಆತೇನು? ಬಾಗ್ಲಾ ಹಾಕು” ಎಂಬ ಅಶರೀರವಾಣಿ ಹಿಂದಿನಿಂದ ಕೇಳಿಬರುತ್ತದೆ.

ಇಂಥ ಅವ್ವ ಕಳೆದ ಕಾರ್ತಿಕದಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಹೊಸಪೇಟೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಒಂದು ವಾಕರ್ ಕೊಟ್ಟು, ಈಗ ನಡೆದರೆ ಮುಂದೆಯೂ ನಡೆಯುತ್ತಾರೆ, ಈಗ ಮಲಗಿದರೆ ಮತ್ತೆ ಏಳಲಾರರು ಎಂದು ಸ್ಪಷ್ಟವಾಗಿ ಹೇಳಿ ಕಳಿಸಿದರು. ಅವ್ವ ಮಲಗಿದಳು. ನೋವು ಇಳಿದರೂ ಭಯ ಇಳಿಯಲಿಲ್ಲ. “ನಡ್ದು ಎಲ್ಲಿಗೆ ಮುಟ್ಟಬೇಕಾಗೇತಪ್ಪ ನಾನು?” ಎಂದು ಗೋಡೆಯತ್ತ ಹೊರಳುತ್ತಿದ್ದಳು. ನಾನು ಉಪನ್ಯಾಸಕ, ಕೊಟ್ಟೂರಿನ ಕಾಲೇಜಿನಲ್ಲಿ ಮಕ್ಕಳನ್ನು ಮಲಗಿಸುವಷ್ಟೇ ಸಮರ್ಥವಾಗಿ, ಮಲಗಿದವಳನ್ನು ಎಬ್ಬಿಸಲು ಉಪನ್ಯಾಸ ಮಾಡಿದೆ. ಕೊನೆಗೆ ಹಡಗಲಿಯ ಮಲ್ಲಿಗೆ ತಂದು ವಾಕರಿಗೆ ಸುತ್ತಿ ಆಸೆ ಹುಟ್ಟಿಸಲು ನೋಡಿದೆ. ಅವ್ವ ಹೂವನ್ನು ಬಿಚ್ಚಿಸಿ ದೇವರಿಗೆ ಕಳಿಸಿದಳು. ವಾಕರಿನ ಮೇಲೆ ಟವೆಲ್ಲು ಒಣಗತೊಡಗಿತು.

ಆ ದಿನಗಳಲ್ಲಿ ನಮ್ಮ ಮನೆ ಝಗಝಗಿಸುತ್ತಿತ್ತು. ಹಚ್ಚಿದ ದೀಪ ಹಚ್ಚಿದಲ್ಲೇ, ತಿರುಗಿದ ಫ್ಯಾನು ತಿರುಗಿದಲ್ಲೇ. ನಾನು ಪುಸ್ತಕಗಳನ್ನು ಯಾವ ಅಡ್ಡಿಯೂ ಇಲ್ಲದೆ ಕೊನೆಯ ಪುಟದವರೆಗೂ ಓದಿದೆ, ಒಂದೂ ರುಚಿಸಲಿಲ್ಲ. ಇಷ್ಟೊಂದು ಬೆಳಕಿನಲ್ಲಿ ಕುಳಿತು ನನಗೆ ತುಂಬ ಹೆದರಿಕೆಯಾಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಸ್ಸು ಹಿಡಿಯುವ ಅವಸರದಲ್ಲಿ ನಾನು ಬಚ್ಚಲ ಲೈಟು ಹಾಗೇ ಬಿಟ್ಟು ಹೋದೆ. ಅವ್ವನ ಮಂಚದಿಂದ ಬಚ್ಚಲು ನೇರ ಕಾಣುತ್ತದೆ. ಮುಂದಿನದನ್ನು ಹೆಂಡತಿ ಶಾರದಾ ಹೇಳಿದ ಹಾಗೆಯೇ ನಿಮಗೆ ಒಪ್ಪಿಸುತ್ತೇನೆ. “ಶಾರದಾ, ಬಚ್ಚಲದಾಗ ಲೈಟ್ ಉರಿಯಾಕತ್ತೇತಿ ನೋಡವ್ವ” ಎಂದು ಅವ್ವ ಕೂಗಿದಳು. ರೊಟ್ಟಿ ಹಿಟ್ಟು ನಾದುತ್ತಿದ್ದ ಶಾರದಾ, “ಬಂದೆ ರೀ ಅತ್ತಿ” ಎಂದಳು, ಮರೆತಳು. ಮತ್ತೆ ಕೂಗು ಬಂತು. ಈ ಸಲ ದನಿಯಲ್ಲಿ ಹಳೆಯ ಖಾರವಿತ್ತು. ಶಾರದಾಳಿಗೆ ಅದೇನು ಹೊಳೆಯಿತೋ, ಉತ್ತರ ಕೊಡದೆ ಸುಮ್ಮನೆ ನಿಂತಳು. ಅವ್ವ ಊರಲ್ಲೇ ಇಲ್ಲದ ನನ್ನನ್ನೂ ಕರೆದು ಬೈದಳು. ಆಮೇಲೆ ಮಂಚ ಕಿರುಗುಟ್ಟಿತು. ಶಾರದಾ ಪರದೆ ಸರಿಸಿ ನೋಡುತ್ತಾಳೆ: ಟವೆಲ್ಲು ನೆಲದ ಮೇಲಿದೆ, ಅವ್ವ ವಾಕರಿನ ಮೇಲೆ! ಇವಳು ಓಡಿಹೋಗಿ, ಮುಟ್ಟದೆ, ಎರಡೂ ಕೈ ಚಾಚಿಕೊಂಡು ಬೆನ್ನ ಹಿಂದೆಯೇ ಹೆಜ್ಜೆ ಹಾಕಿದಳು. ಬಚ್ಚಲು ತಲುಪಿದ ಅವ್ವ ಸ್ವಿಚ್ ಒತ್ತಿ, “ಶಾಂತ ಆಗವ್ವ” ಎಂದು ಬಲ್ಬಿಗೆ ಹೇಳಿ, ಗೋಡೆಗೊರಗಿ, ತಿರುಗಿ ನೋಡದೆಯೇ ಅಂದಳಂತೆ: “ಹಿಂದ ನಿಂತೀ ಅಂತ ಗೊತ್ತೇತಿ ಬಿಡು, ಹಿಟ್ಟಿನ ವಾಸ್ನಿ ಬರಾಕತ್ತೇತಿ. ಈಗ ಹಿಡ್ಕಾ ಬಾ, ಕಾಲು ನಡುಗಾಕತ್ತಾವು.”

ಶಾರದಾ ಫೋನಿನಲ್ಲಿ ಇದನ್ನು ಹೇಳುವಾಗ ನಾನು ಸ್ಟಾಫ್ ರೂಮಿನ ಕಿಟಕಿಯತ್ತ ಮುಖ ಮಾಡಿ ನಿಂತು ಅತ್ತೆ. ಕಣ್ಣಿಗೆ ಧೂಳು ಬಿತ್ತೆಂದು ಸಹೋದ್ಯೋಗಿಗಳಿಗೆ ಹೇಳಿದೆ. ನಮ್ಮ ಸೀಮೆಯ ಧೂಳನ್ನು ಯಾರೂ ಅನುಮಾನಿಸುವುದಿಲ್ಲ.

ಮರುದಿನದಿಂದ ಶಾರದಾಳ ರಾಜ್ಯಭಾರ. ಒಂದು ದಿನ ಪಡಸಾಲೆಯದು, ಇನ್ನೊಂದು ದಿನ ವರಾಂಡದ್ದು, ಹೀಗೆ ಪ್ರತಿ ಹಗಲು ಒಂದು ದೀಪ ಮಂಚದಿಂದ ಇನ್ನಷ್ಟು ದೂರ ಉರಿಯುತ್ತಿತ್ತು. ಕರೆಂಟು ಉಳಿಸುವುದರಲ್ಲೇ ಆಯುಷ್ಯ ಸವೆಸಿದವಳ ಮನೆಯಲ್ಲಿ ನಾವು ಬೇಕೆಂದೇ ಕರೆಂಟು ಪೋಲು ಮಾಡಿದೆವು. ಅವ್ವನಿಗೆ ತಿಳಿಯದ್ದೇನಲ್ಲ. “ನಿಮ್ಮ ಆಟ ನನಗ ಗೊತ್ತಾಗಂಗಿಲ್ಲ ಅನ್ಕಂಡೀರೇನು? ಆದ್ರ ದೀಪ ಉರಿಯಾದನ್ನ ನೋಡ್ಕೋತ ಮಲಗಾಕ ಆಗವಲ್ದು” ಎಂದು ಒಮ್ಮೆ ಅಂದಳು. ಅಂದು, ಎದ್ದು ಹೋಗಿ ಶಾಂತ ಮಾಡಿ ಬಂದಳು.

ಈಗ ಆಷಾಢ. ಬಾಗಿಲುಗಳು ತೆರೆದಿವೆ, ಫ್ಯಾನು ರಜೆಯಲ್ಲಿದೆ, ಹಾಳೆಗಳ ಮೇಲೆ ಕಲ್ಲಿಟ್ಟು ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಬೇಕಾದಷ್ಟು ಬೆಳಕಿದ್ದರೂ ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿದೆ. ನಾನೇ ಎದ್ದು ಆರಿಸಬಹುದು, ಆದರೆ ಏಳುವುದಿಲ್ಲ. ಹಿಂದೆಲ್ಲ ಅವ್ವ ಸದ್ದಿಲ್ಲದೆ ಬರುತ್ತಿದ್ದಳು. ಈಗ ಪಡಸಾಲೆಯಿಂದಲೇ ವಾಕರಿನ ಟಕ್ ಟಕ್ ಕೇಳಿಸುತ್ತದೆ. ಅವಳು ಸ್ವಿಚ್ಚಿನವರೆಗೆ ಬರುವಷ್ಟರಲ್ಲಿ ಈ ವಾಕ್ಯವನ್ನು ಆರಾಮವಾಗಿ ಮುಗಿಸಬಹುದು. ಮುಗಿಸದೆ, ಪೆನ್ನು ಹಿಡಿದು ಕಾಯುತ್ತ ಕುಳಿತಿದ್ದೇನೆ.