ತಾವಾಗಿ ಮಾತಾಡಿಸದ ವಿಮಲಾ ಮೇಡಂ

ನಮ್ಮೂರ ಗಾಂಧಿ ಬಜಾರಿನಲ್ಲಿ ಎದುರಾದರೆ ವಿಮಲಾ ಮೇಡಂ ತಾವಾಗಿ ನಮಸ್ಕಾರ ಹೇಳುತ್ತಿರಲಿಲ್ಲ. ನಾವು ಕೈ ಎತ್ತಿದರೆ ಮಾತ್ರ ನಗು. ಒಮ್ಮೆ ನಮ್ಮ ಬಟ್ಟೆ ಅಂಗಡಿಯ ಮುಂದೆಯೇ ಹಾಗೆ ದಾಟಿಹೋದಾಗ, "ಫೀಸು ತಗೊಳ್ಳೋವಾಗ ಗುರುತಿರುತ್ತೆ, ಬೀದೀಲಿ ಇರಲ್ಲ" ಎಂದು ಗೊಣಗಿದೆ.

ಹೆಂಡತಿ ಗಿರಿಜ ಗದರಿದಳು: "ಸುಮ್ನಿರಿ ಮಾರಾಯ್ರೇ. ಅವರು ಮಾತಾಡ್ಸಿದ್ರೆ, ಇವ್ರ ಮನೇಲಿ ಯಾರಿಗೆ ಕೌನ್ಸೆಲಿಂಗು ಅಂತ ಪಕ್ಕದ ಅಂಗಡಿಯವ್ರು ಕೇಳಲ್ವಾ? ಗುರುತು ಹೇಳೋದು ಬಿಡೋದು ನಮಗೇ ಬಿಟ್ಟಿದಾರೆ."

ಮೇಡಂ ಆಪ್ತಸಮಾಲೋಚಕಿ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ಸವಳಂಗ ರಸ್ತೆಯ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ಒಂದೇ ಎತ್ತರದ ಎರಡು ಕುರ್ಚಿ, ಮಧ್ಯೆ ಮೇಜಿಲ್ಲ. ಗಲ್ಲಾದಲ್ಲಿ ಕೂತವನ ಕುರ್ಚಿ ತುಸು ಎತ್ತರವಿರಬೇಕು ಎನ್ನುವುದು ವ್ಯಾಪಾರದ ಮೊದಲ ಪಾಠ, ಅವರಿಗೂ ಹೇಳಿದೆ. "ನಾನು ಎತ್ತರದಲ್ಲಿ ಕೂತ್ರೆ ಬಂದೋರು ಸಣ್ಣ ಆಗ್ಬಿಡ್ತಾರೆ ಸಾರ್" ಎಂದು ನಕ್ಕರು.

ನಮ್ಮ ಮಗಳು ರಶ್ಮಿ ಬಸಿರಿನ ಎಂಟನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ನಾನು ದಿನಾ ಅವಳ ಬಾಗಿಲಲ್ಲಿ ನಿಂತು ಬುದ್ಧಿ ಹೇಳುತ್ತಿದ್ದೆ: ವಯಸ್ಸಿದೆ, ಇನ್ನೊಂದಾಗುತ್ತೆ, ಆದದ್ದು ಮರೆತುಬಿಡು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸೀರೆ ಗಂಟು ಹೊತ್ತು ಮಾರಿ ಅಂಗಡಿ ಕಟ್ಟಿದವನು ನಾನು. ಮಾತಿನಿಂದ ಆಗದ ಕೆಲಸವನ್ನು ಕಂಡಿರಲಿಲ್ಲ. ಮಗಳು ನನ್ನೊಡನೆ ಮಾತನ್ನೇ ಬಿಟ್ಟಳು. ಡಾಕ್ಟರು ಹೇಳಿದ ಮೇಲೆ ಗಿರಿಜ ಅವಳನ್ನು ಮೇಡಂ ಬಳಿ ಕರೆದೊಯ್ಯತೊಡಗಿದಳು.

ಅಲ್ಲಿ ಮಾತಾಡುತ್ತಾಳಂತೆ! ತಡೆಯಲಾರದೆ ಒಬ್ಬನೇ ಹೋದೆ.

"ಏನಂತಾಳೆ ಮೇಡಂ, ನನ್ನ ಮಗಳು?"

"ಅದು ಅವರದ್ದು ಸಾರ್. ಹೇಳೋದಾದ್ರೆ ಅವರೇ ಹೇಳ್ಬೇಕು."

"ನಾನು ಅಪ್ಪ ಕಣ್ರೀ! ಪೂರ್ತಿ ಬೇಡ, ಅರ್ಧ ಹೇಳಿ."

"ಇದ್ರಲ್ಲಿ ಚೌಕಾಸಿ ಇಲ್ಲ. ಜೀವಕ್ಕೆ ಅಪಾಯ ಅನ್ಸಿದ್ರೆ ಮಾತ್ರ ಮನೆಯವರಿಗೆ ಹೇಳ್ತೀನಿ. ಅದನ್ನ ರಶ್ಮಿಗೂ ಮೊದಲೇ ಹೇಳಿದೀನಿ. ಮಿಕ್ಕಿದ್ದು ಈ ಕೋಣೆ ದಾಟಲ್ಲ."

ಆಮೇಲೆ ಸುಮ್ಮನಾದರು. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಸೋತ, ನಾನೂ ಸುಮ್ಮನಾದೆ. ಆದರೆ ಗಿರಾಕಿ ಸುಮ್ಮನಿದ್ದರೆ ಒಳಗೊಂದು ಲೆಕ್ಕ ನಡೆದಿರುತ್ತದೆ, ಇವರಲ್ಲಿ ಅದು ಕಾಣಲಿಲ್ಲ. ನನಗೆಷ್ಟು ಹೊತ್ತು ಬೇಕೋ ಅಷ್ಟೂ ನನ್ನದೇ ಎಂಬಂತೆ ಕೂತಿದ್ದರು. ಯಾಕೋ ನನ್ನ ಬಾಯಿಂದ ಬಂತು: "ಮಗೂಗೆ ಅಂತ ಮೆತ್ತನೆ ಕಾಟನ್ ಬಟ್ಟೆ ಎತ್ತಿಟ್ಟಿದ್ದೆ ಮೇಡಂ. ಈಗ್ಲೂ ಅದನ್ನ ಯಾವ ಗಿರಾಕಿಗೂ ತೋರ್ಸಲ್ಲ."

ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಆಮೇಲೆ ಕೇಳಿದರು: "ಇದನ್ನ ರಶ್ಮಿಗೆ ಹೇಳಿದೀರಾ?"

"ಛೆ! ಅವಳಿಗೆ ಧೈರ್ಯ ತುಂಬಬೇಕಲ್ವಾ?"

"ಹಾಗಾದ್ರೆ ಅವರಿಗೆ ನಿಮ್ಮ ಧೈರ್ಯ ಮಾತ್ರ ಕಂಡಿದೆ."

ಅಂದು ಸಂಜೆ ಬಟ್ಟೆಯನ್ನು ರಶ್ಮಿಯ ಮಡಿಲಲ್ಲಿಟ್ಟೆ. "ನಿನ್ನ ಮಗೂಗೆ ಎತ್ತಿಟ್ಟಿದ್ದೆ ಕಣೇ" ಎಂದೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡಳು. "ಅಪ್ಪಾ, ಹೆಣ್ಣು ಮಗು. ಮೂಗು ನಿಂದೇ ಇತ್ತು" ಎಂದಳು.

ಬುದ್ಧಿ ಹೇಳುವ ಚಟ ನನ್ನನ್ನು ಬಿಟ್ಟಿಲ್ಲ, ನಿಮಗೂ ಒಂದು ಹೇಳುತ್ತೇನೆ: ಮನೆಯಲ್ಲಿ ಯಾರಾದರೂ ಅಳುತ್ತಿದ್ದರೆ ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ ಕೂತುಕೊಳ್ಳಿ.

ರಶ್ಮಿ ನಿಧಾನವಾಗಿ ಚೇತರಿಸಿಕೊಂಡು ಗಂಡನ ಮನೆಗೆ ಮರಳಿದಳು. ಹೋದ ವರ್ಷ ಮೇಡಂ ಕಾಯಿಲೆ ಬಿದ್ದರು. ಭದ್ರಾವತಿಯ ಮನೆಗೆ ನೋಡಲು ಹೋದೆ. ಅದೇ ಕೊನೆಯ ಭೇಟಿ. ದಿಂಬಿಗೆ ಒರಗಿ ಕೂತಿದ್ದರು, ದನಿ ತೀರ ಸಣ್ಣಗಾಗಿತ್ತು. ಪಕ್ಕದಲ್ಲಿ ಕೂತು, "ಮೇಡಂ, ನಮ್ಮ ಮೊಮ್ಮಗಳಿಗೆ ನನ್ನ ಮೂಗಿತ್ತಂತೆ" ಎಂದೆ.

ರಶ್ಮಿ ಅದನ್ನು ಅವರಿಗೆ ಎಂದೋ ಹೇಳಿಕೊಂಡಿದ್ದಿರಬೇಕು. ಆದರೂ ಅವರು ಆಗಷ್ಟೇ ಕೇಳಿದವರಂತೆ ಕಣ್ಣರಳಿಸಿ ನನ್ನ ಮೂಗನ್ನು ನೋಡಿದರು.

"ಹೌದಾ ಸಾರ್? ಹೇಳಿ, ಹೇಳಿ" ಎಂದರು.